ಎಡ ಭುಜ, ಅರ್ಧ ಇಂಚು

ಮತ್ರಾದ ಗಲ್ಲಿಯೊಳಗೆ ನನ್ನದೊಂದು ಹೊಲಿಗೆಯಂಗಡಿ.
ಎರಡು ಮಿಷನ್ನು, ಒಂದು ಇಸ್ತ್ರಿ,
ಕಡಲ ಉಪ್ಪು ಅಂಚಿನಿಂದ ತಿನ್ನುತ್ತಿರುವ ಕನ್ನಡಿ.
ಅಳತೆ ಪುಸ್ತಕ ಮಾತ್ರ ಕನ್ನಡ.
ಉಪ್ಪಿನಂಗಡಿ ಶಾಲೆ ಏಳನೇ ಕ್ಲಾಸಿನ ತನಕ ಕೊಟ್ಟ ಅಂಕಿಗಳು,
ಇಲ್ಲಿ ಯಾರಿಗೂ ಓದಲು ಬಾರದವು.
ಹಾಗಾಗಿ ಮಸ್ಕತ್ತಿನ ದೊಡ್ಡವರ ಹೊಟ್ಟೆಯ ಸುತ್ತಳತೆಯೆಲ್ಲ
ನನ್ನಲ್ಲಿ ಭದ್ರ.

ಪುಟ ನಲವತ್ತೊಂದು. ಮುಹನ್ನಾ, ಬಹ್ಲಾದವರು.
ಉದ್ದ ೫೮, ಎದೆ ೩೬, ತೋಳು ೨೪.
ಆಗಿನ್ನೂ ಸಣ್ಣ ಕೋರ್ಟು, ಸಣ್ಣ ಗಡ್ಡ,
ಅಂಗಡಿ ಬಾಡಿಗೆಯ ಜಗಳ, ಒಂಟೆ ಯಾರದೆಂಬ ತಕರಾರು.
ಕಪ್ಪು ಬಿಶ್ತು ಹೊಲಿಸಲು ಬಂದವರು
ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು,
ಮಾತಿಲ್ಲದ ಸಾಕ್ಷಿಯನ್ನು ನೋಡುವ ಹಾಗೆ.
ಚಹಾ ತರಿಸಲೇ ಎಂದೆ. ಬೇಡ ಎಂದರು.
ಮುಂದೆ ಇಪ್ಪತ್ತಾರು ವರ್ಷ ಕೇಳಿದೆ.
ಬೇಡ.

ಅದೇ ಪುಟದ ಅಂಚಿಗೆ ಪೆನ್ಸಿಲಿನ ಗುರುತು:
ಎಡ ಭುಜ ಅರ್ಧ ಇಂಚು ಕೆಳಗೆ.
ಹುಟ್ಟಿನದೋ, ತೋಟಕ್ಕೆ ನೀರು ಹೊತ್ತದ್ದೋ,
ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.
ಒಳಗೊಂದು ಮಡಿಕೆ ಹತ್ತಿಯಿಟ್ಟು ಹೊಲಿದೆ.
ಕಟಕಟೆಯಿಂದ ಕತ್ತೆತ್ತಿ ನೋಡಿದವರಿಗೆ
ಎರಡೂ ಭುಜ ಸಮ.

ಅಪೀಲು ಕೋರ್ಟು: ಎದೆ ೩೮.
ಮಗ ಕಾರು ಅಪಘಾತದಲ್ಲಿ ತೀರಿದ ವರ್ಷ: ೩೫.
ಸುಪ್ರೀಂ ಕೋರ್ಟು: ೪೦, ಮತ್ತು ಒಳಗಡೆ ಒಂದು ಜೇಬು,
ಮಾತ್ರೆಗೆ.
'ಎರಡು ಸಲ ಅಳೆ, ಒಮ್ಮೆ ಕತ್ತರಿಸು'
ಎಂಬ ನನ್ನ ಮಾವನ ಮಾತನ್ನು ಮುರುಕು ಅರಬಿಯಲ್ಲಿ ಹೇಳಿದಾಗ
ಮೊದಲ ಸಲ ನಕ್ಕರು:
'ನಾವು ಮೂರು ಸಲ ಅಳೆಯುತ್ತೇವೆ, ಖಯ್ಯಾತ್.
ಆದರೂ ಬಟ್ಟೆ ಸಾಲುವುದಿಲ್ಲ.'

ಪೊಡಿಯಬ್ಬ ನನ್ನ ಕೋಣೆಯವನು, ಮೇಲಿನ ಮಂಚ.
ಘಾಲಾದ ಕಟ್ಟಡದಲ್ಲಿ ನಾಲ್ಕನೇ ಮಾಳಿಗೆಯಿಂದ ಬಿದ್ದ.
ಕಂಪೆನಿ ಹೇಳಿತು, ಅವನು ಆ ದಿನ ರಜೆಯಲ್ಲಿದ್ದ.
ಕೆಳಗಿನ ಕೋರ್ಟಿನಲ್ಲಿ ಗೆದ್ದ, ನಡುವಿನದರಲ್ಲಿ ಸೋತ,
ಉಳಿದದ್ದು ಮೇಲಿನದೊಂದು.
ಈಗ ಕೆಳಗಿನ ಮಂಚ ಅವನಿಗೆ, ಮೇಲಿನದು ನನಗೆ.
ರಾತ್ರಿ ಅವನು ಕಾಲು ಸರಿಸುವ ಸದ್ದು ಕೇಳುತ್ತ ಮಲಗುತ್ತಿದ್ದೆ.

ಹೇಳಬಾರದಿತ್ತು. ಹೇಳಿದೆ.
ಮಂಡಿಯೂರಿ ಬಿಶ್ತಿನ ಅಂಚು ಮಡಿಚುತ್ತ,
ತುಟಿಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡು,
ಅವನ ಹೆಸರು, ಅಷ್ಟೇ. ಕೇಸಿನ ನಂಬ್ರವನ್ನೂ ಹೇಳಲಿಲ್ಲ.

ಅರ್ಧ ಹೊಲಿದದ್ದನ್ನು ಭುಜದಿಂದ ಇಳಿಸಿ,
ಮಡಿಚಿ, ಮೇಜಿನ ಮೇಲಿಟ್ಟರು.
ಪೂರ್ತಿ ಮಜೂರಿ ಎಣಿಸಿದರು.
ಬಾಗಿಲ ಪರದೆ ಬಹಳ ಹೊತ್ತು ಆಡಿತು.

ಹದಿನಾಲ್ಕು ತಿಂಗಳು ಬರಲಿಲ್ಲ.
ಒಂದು ದಿನ ಪೇಪರಿನಲ್ಲಿ ಫೋಟೋ, ಯಾವುದೋ ಸಮಾರಂಭ,
ಸಾಲಾಗಿ ನ್ಯಾಯಾಧೀಶರು.
ಅವರೊಬ್ಬರ ಎಡ ಭುಜ ಕೆಳಗೆ,
ಯಾರೋ ಅರಿಯದವನು ಹೊಲಿದದ್ದು.
ನೇರ ನಿಲ್ಲಬೇಕೆಂದು
ಇಡೀ ಊರಿನೆದುರು ವಾಲಿ ನಿಂತಿದ್ದರು.

ಪೊಡಿಯಬ್ಬನಿಗೆ ಸಿಕ್ಕಿದ್ದು ಕೇಳಿದ್ದರ ಮೂರನೇ ಒಂದು ಪಾಲು.
ತೀರ್ಪಿನ ಕೆಳಗೆ ಸಹಿಗಳಿದ್ದವು.
ಮದರಸದ ಪುಣ್ಯ, ಅಕ್ಷರ ಕೂಡಿಸಿ ಓದಬಲ್ಲೆ.
ಓದಲಿಲ್ಲ.
ಕಾಗದ ಮಡಿಚಿ ಅವನ ಪೆಟ್ಟಿಗೆಯಲ್ಲಿಟ್ಟೆ,
ಊರುಗೋಲು ವಿಮಾನದೊಳಗೆ ಬಿಡುತ್ತಾರೋ ಎಂದು
ಅವನು ಅದನ್ನೇ ಕೇಳುತ್ತಿದ್ದ.

ಮುಂದಿನ ವಾರ ಪರದೆ ಸರಿಯಿತು.
'ಅಳತೆ ತೆಗೆ' ಎಂದರು, ನಿನ್ನೆ ಹೋದವರ ಹಾಗೆ.
ಕುತ್ತಿಗೆ ಒಂದಿಂಚು ಸಡಿಲಾಗಿತ್ತು.
ಬರೆದುಕೊಂಡೆ.

ಈಗ ನಿವೃತ್ತರು. ಬಿಶ್ತು ಬೇಡ, ಬಿಳಿ ದಿಶ್‌ದಾಶ ಸಾಕು.
ನಾನು ಹತ್ತಿಗೆ ಕೈ ಹಾಕಿದೆ.
'ಅದು ಬೇಡ,' ಎಂದರು, 'ಭುಜ ಇದ್ದ ಹಾಗೇ ಇರಲಿ.'
ಅಂದರೆ ಅಷ್ಟೂ ವರ್ಷ ಗೊತ್ತಿತ್ತು.

ಆಮೇಲೆ ಸ್ಟೂಲಿನ ಮೇಲೆ ಕೂತು, ಕನ್ನಡಿಯತ್ತ ನೋಡದೆ,
'ಚಹಾ ಇದೆಯಾ?'
ಪಕ್ಕದ ಹೋಟೆಲಿಗೆ ನಾನೇ ಓಡಿದೆ.
ಕುಡಿದರು, ಸಕ್ಕರೆ ಹೆಚ್ಚು ಅಂದರು, ಎದ್ದು ಹೋದರು.
ಗ್ಲಾಸು ಎತ್ತಿ ನೋಡಿದರೆ
ಅಡಿಯಲ್ಲಿ ನಾಲ್ಕಾಗಿ ಮಡಿಚಿದ ನೂರು ಬೈಸಾ ನೋಟು,
ಒಂದು ಮೂಲೆ ಒದ್ದೆ.